ಅಂಬಿಗಿತ್ತಿಯ ಗಂಡ

ನಮ್ಮೂರಲ್ಲಿ ಮದುವೆಯೆಂದರೆ ದೋಣಿ. ಹೂಮಾಲೆ ಸುತ್ತಿದ ದೋಣಿಯಲ್ಲಿ ಮದುಮಗ, ಮದುಮಗಳು ಅಕ್ಕಪಕ್ಕ ಕೂತು ಬರುತ್ತಾರೆ, ಹಿಂದಿನ ದೋಣಿಯಲ್ಲಿ ವಾದ್ಯದವರು. ಶ್ಪ್ರೇ ನದಿ ಇನ್ನೂರು ಕಾಲುವೆಗಳಾಗಿ ಒಡೆದುಹೋಗಿರುವ ಈ ಸೀಮೆಯಲ್ಲಿ ಬೇರೆ ಹೇಗೂ ಬರುವ ರೂಢಿಯಿಲ್ಲ. ಆದರೆ 1982ರಲ್ಲಿ ಮಾರ್ಲೀಸಳ ಮದುವೆಯ ದಿನ ದೋಣಿಯಲ್ಲಿ ಮದುಮಗಳೊಬ್ಬಳೇ ಇದ್ದಳು. ಮದುಮಗ ಲೋಥಾರ್ ಕಪ್ಪು ಪ್ಯಾಂಟನ್ನು ಮೊಳಕಾಲಿಗೆ ಮಡಚಿಕೊಂಡು, ದಡದ ಕಾಲುದಾರಿಯಲ್ಲಿ ತುರಿಕೆ ಗಿಡಗಳ ನಡುವೆ ಕೆಸರು ತುಳಿಯುತ್ತ ದೋಣಿಯ ಸಮಕ್ಕೆ ನಡೆದು ಬಂದ. ಮಾರ್ಲೀಸ್ ಮಾತ್ರ ರಾಣಿಯ ಹಾಗೆ ನೆಟ್ಟಗೆ ಕೂತಿದ್ದಳು. ಅಕಾರ್ಡಿಯನ್ ನುಡಿಸುತ್ತಿದ್ದ ಮುದುಕ ನಡುವೆ ನಿಲ್ಲಿಸಿ ಕೂಗಿದ: "ಏ ಲೋಥಾರ್, ಇವತ್ತು ಮಂಚನಾದ್ರೂ ಹತ್ತುತ್ತೀಯೋ, ಅದೂ ದಡದಲ್ಲೇನೋ?"

ದೋಣಿಕಟ್ಟೆಯಲ್ಲಿ ಆಗ ನನ್ನ ತಾಯಿ ಉಪ್ಪುನೀರಿನ ಸೌತೆಕಾಯಿ ಮಾರುತ್ತಿದ್ದಳು. ಈಗ ನಾನು ಮಾರುತ್ತೇನೆ. ಮಾರ್ಲೀಸ್ ನನ್ನ ಓರಗೆಯವಳು, ಅಂಗಡಿಯ ಎದುರಿಗೇ ಅವಳ ದೋಣಿ ಕಟ್ಟುತ್ತಿದ್ದದ್ದು. ಹಾಗಾಗಿ ಇವರಿಬ್ಬರ ಸಂಸಾರವನ್ನು ಮದುವೆಯ ದಿನದಿಂದ ಇಲ್ಲಿಯ ತನಕ ನಾನು ಅಂಗಡಿ ಕಟ್ಟೆಯ ಮೇಲಿಂದಲೇ ನೋಡಿದ್ದೇನೆ.

ಲೋಥಾರ್ ಕಲ್ಲಿದ್ದಲ ಗಣಿಯ ಊರಿನವನು. ಮಣ್ಣು ಬಗೆಯುವ ದೊಡ್ಡ ಯಂತ್ರಗಳ ರಿಪೇರಿ ಅವನ ಕೆಲಸ. ಹತ್ತು ಮಹಡಿಯೆತ್ತರದ ಯಂತ್ರದ ತುದಿಗೆ ಬರಿಗೈಯಲ್ಲಿ ಹತ್ತಿ, ಅಲ್ಲೇ ಕೂತು ಬ್ರೆಡ್ಡು ತಿಂದು ಇಳಿಯುತ್ತಿದ್ದ. ಅಂಥವನಿಗೆ ನೀರೆಂದರೆ ಭಯ. ಊರಿನವರು ಕಾರಣ ಹುಡುಕಿ ಹುಡುಕಿ ಸೋತರು. ಎಳವೆಯಲ್ಲಿ ಬಾವಿಗೆ ಬಿದ್ದಿದ್ದನಂತೆ ಎಂದರು, ತಮ್ಮನೊಬ್ಬ ಮುಳುಗಿದ್ದನಂತೆ ಎಂದರು. ಅವನು ತಲೆಯಾಡಿಸುತ್ತಿದ್ದ.

"ಯಾರೂ ಬಿದ್ದಿಲ್ಲ, ಯಾರೂ ಮುಳುಗಿಲ್ಲ. ಕೆಲವ್ರಿಗೆ ನಾಯಿ ಕಂಡ್ರೆ ಆಗಲ್ಲ, ನಾಯಿ ಕಚ್ಚಿರಲ್ಲ. ಹಂಗೇ ಇದೂನೂ."

ಟಪಾಲೂ ದೋಣಿಯಲ್ಲಿ, ಕಸವೂ ದೋಣಿಯಲ್ಲಿ, ಬೆಂಕಿ ಆರಿಸುವವರೂ ದೋಣಿಯಲ್ಲಿ ಬರುವ ಊರಿನಲ್ಲಿ ಲೋಥಾರ್ ನಡೆದೇ ಬದುಕಿದ. ಮನೆ ಹುಡುಕುವಾಗ ಅವನ ಷರತ್ತು ಒಂದೇ, ಮನೆಗೆ ಸೇತುವೆ ಇರಬೇಕು. ಅವರ ಮನೆಯಿಂದ ನನ್ನ ಅಂಗಡಿಗೆ ದೋಣಿಯಲ್ಲಿ ಐದು ನಿಮಿಷ. ಅವನು ಏಳು ಮರದ ಸೇತುವೆ ಹತ್ತಿ ಇಳಿದು ನಲವತ್ತು ನಿಮಿಷಕ್ಕೆ ಬರುತ್ತಿದ್ದ. ವಿಚಿತ್ರವೆಂದರೆ ಚಳಿಗಾಲದಲ್ಲಿ ಕಾಲುವೆ ಹೆಪ್ಪುಗಟ್ಟಿದಾಗ ಮಂಜುಗಡ್ಡೆಯ ಮೇಲೆ ಜಾರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೆಳಗೆ ಅದೇ ನೀರಲ್ಲವೇನೋ ಎಂದರೆ, "ಮುಚ್ಚಳ ಹಾಕಿದೆಯಲ್ಲ" ಎನ್ನುತ್ತಿದ್ದ.

ಮಾರ್ಲೀಸ್ ನಲವತ್ತು ವರ್ಷ ದೋಣಿಯ ಹಿಂತುದಿಯಲ್ಲಿ ನಿಂತು, ಉದ್ದನೆಯ ಗಳ ಊರಿ ದೋಣಿ ನಡೆಸಿದವಳು. ಒಂದೊಂದು ಸಲಕ್ಕೆ ಇಪ್ಪತ್ತೈದು ಜನ ಪ್ರವಾಸಿಗಳು, ದಿನಕ್ಕೆ ಮೂರು ಸುತ್ತು. ಗಂಡ ಜೊತೆಗೆ ಬರುವುದಿಲ್ಲವೆಂದು ಬೇಸರವಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ.

"ಇಡೀ ದಿನ ದೋಣಿ ತುಂಬ ಜನ ಕಣೇ ರೆನಾಟೆ," ಎಂದಳು. "ಸಂಜೆ ದಡದ ಮೇಲೆ ಒಬ್ಬನಾದ್ರೂ ನಿಂತಿರ್ಲಿ ಬಿಡು."

2018ರ ವಸಂತದಲ್ಲಿ ಅವಳ ಬಲಭುಜದ ಸ್ನಾಯು ಹರಿಯಿತು. ಶಸ್ತ್ರಕ್ರಿಯೆ ಚೆನ್ನಾಗೇ ಆಯಿತು. ಚಮಚ ಹಿಡಿಯಬಹುದು, ತಲೆ ಬಾಚಬಹುದು, ಗಳ ಮಾತ್ರ ಇನ್ನು ಮುಟ್ಟುವ ಹಾಗಿಲ್ಲ ಎಂದರು ಡಾಕ್ಟರು. ಮಾರ್ಲೀಸ್ ಅಳಲಿಲ್ಲ, ಗೊಣಗಲಿಲ್ಲ. ಅಡುಗೆಮನೆಯ ಕುರ್ಚಿಯನ್ನು ತಿರುಗಿಸಿಕೊಂಡು, ಕಿಟಕಿಗೆ ಬೆನ್ನು ಹಾಕಿ ಕೂರತೊಡಗಿದಳು. ಕಿಟಕಿಯಾಚೆ ಕಾಲುವೆ. ಬೇರೆಯವರ ದೋಣಿಗಳು ಹೋಗುವ ಸದ್ದು ಕೇಳಿದರೆ ರೇಡಿಯೋ ಹಾಕುವಳು.

ಮೇ ತಿಂಗಳ ಒಂದು ಬೆಳಿಗ್ಗೆ ಲೋಥಾರ್ ನನ್ನ ಅಂಗಡಿಗೆ ಬಂದ. ಸೌತೆಕಾಯಿ ಕೇಳಲಿಲ್ಲ. ಆ ಕಡೆ ಈ ಕಡೆ ನೋಡಿ ತಗ್ಗಿದ ದನಿಯಲ್ಲಿ ಕೇಳಿದ: "ರೆನಾಟೆ, ದೋಣೀಲಿ ಕೂತಾಗ ಕೈ ಎಲ್ಲಿಟ್ಕೋತಾರೆ?"

ನಾನು ನಗಲಿಲ್ಲ. ನಗು ಬರುವ ಮುಖವಾಗಿರಲಿಲ್ಲ ಅದು.

"ತೊಡೆ ಮೇಲೆ. ಇಲ್ಲಾ ಪಕ್ಕದಲ್ಲಿರೋರ ಕೈ ಮೇಲೆ. ಯಾಕೋ?"

"ಅವಳಿಗೆ ಮಾತು ಕೊಟ್ಬಿಟ್ಟಿದೀನಿ. ಆಪರೇಷನ್ ಕೋಣೆಗೆ ಕರ್ಕೊಂಡು ಹೋಗೋ ಮುಂಚೆ. ನೀನು ನೆಟ್ಟಗೆ ಹೊರಗೆ ಬಾ, ಆಮೇಲೆ ನಾನು ನಿನ್ನ ಜೊತೆ ದೋಣಿ ಹತ್ತುತ್ತೀನಿ ಅಂತ."

"ಹತ್ತು ಮತ್ತೆ. ದೋಣಿ ಅಲ್ಲೇ ಇದೆ."

"ಇಲ್ಲಿ ಬೇಡ. ಇಲ್ಲಿ ಊರೆಲ್ಲಾ ಕುರ್ಚಿ ಹಾಕ್ಕೊಂಡು ನೋಡುತ್ತೆ. ನಮ್ಮನ್ನ ಯಾರೂ ನೋಡಿರದ ಕಡೆ ಹೋಗ್ತೀವಿ."

ಬೇಸಿಗೆಯಲ್ಲಿ ಪ್ರವಾಸ ಹೋಗುವುದೆಂದರೆ ಮಾರ್ಲೀಸ್‌ಗೆ ಅದೇ ಮೊದಲು. ಬೇಸಿಗೆಯೆಂದರೆ ಅವಳಿಗೆ ದುಡಿಮೆ. ಜೂನ್ ಮೊದಲ ವಾರ ತಮ್ಮ ಹಳೆಯ ಬಿಳಿ ಕಾರಿನಲ್ಲಿ ಇಬ್ಬರೂ ದಕ್ಷಿಣಕ್ಕೆ ಹೊರಟರು. ಮುಂದಿನದನ್ನು ಇಬ್ಬರೂ ಬೇರೆ ಬೇರೆ ಹೇಳಿದ್ದಾರೆ. ಎರಡೂ ಒಂದಕ್ಕೊಂದು ಹೊಂದುವಷ್ಟನ್ನು ನಾನು ಹೇಳುತ್ತಿದ್ದೇನೆ.

ಮೊದಲ ನಿಲುಗಡೆ ಪಾಸ್ಸೌ. ಮೂರು ನದಿ ಕೂಡುವ ಜಾಗ, ಮುಕ್ಕಾಲು ಗಂಟೆಯ ಸುತ್ತು. ಲೋಥಾರ್ ತಾನೇ ಟಿಕೆಟ್ ತಂದ. ಹಡಗಿಗೆ ಹಾಕಿದ್ದ ಹಲಗೆಯ ತನಕ ಹೋದ. ಅಲ್ಲಿ ಅವನ ಕಾಲು ನಿಂತುಬಿಟ್ಟಿತು. ಹಿಂದಿದ್ದವರು ಕೆಮ್ಮಿದರು. ಮಾರ್ಲೀಸ್ ಅವನ ತೋಳು ಹಿಡಿದು ಪಕ್ಕಕ್ಕೆ ಕರೆತಂದಳು. ಇಬ್ಬರೂ ನದಿ ದಡದಲ್ಲಿ ಚೆರ್ರಿ ಕೇಕ್ ತಿನ್ನುತ್ತ ತಮ್ಮ ಹಡಗು ಹೋಗುವುದನ್ನು ನೋಡಿದರು.

"ಬೈದ್ಬಿಡು," ಎಂದ ಅವನು.

"ಕೇಕ್ ಚೆನ್ನಾಗಿದೆ," ಎಂದಳು ಅವಳು.

ಎರಡು ದಿನದ ಮೇಲೆ ಕೋನಿಗ್ಸ್‌ಸೀ ಸರೋವರ. ಎರಡೂ ಬದಿ ಗೋಡೆಯಂತೆ ಎದ್ದ ಬೆಟ್ಟ, ನಡುವೆ ಹಸಿರು ನೀರು. ಅಲ್ಲಿ ದೊಡ್ಡ ದೋಣಿ, ಮೇಲೆ ಚಾವಣಿ, ಸುತ್ತ ಕಿಟಕಿ. ಇದು ಬಸ್ಸಿನ ಹಾಗೇ ಇದೆ ಎಂದು ತನಗೆ ತಾನೇ ಹೇಳಿಕೊಂಡು ಲೋಥಾರ್ ಹತ್ತಿದ. ನಡುಬೆಂಚಿನಲ್ಲಿ ಕೂತು ಎದುರಿನವರ ಟೊಪ್ಪಿಯನ್ನೇ ನೋಡುತ್ತ ಹೋದ. ಬೆಟ್ಟದ ಬುಡದಲ್ಲಿ ದೋಣಿ ನಿಲ್ಲಿಸಿ ನಾವಿಕ ತುತ್ತೂರಿ ಊದಿದ. ಬಂಡೆ ಅದನ್ನು ತಿರುಗಿ ನುಡಿಯಿತು. ಜನ ಚಪ್ಪಾಳೆ ತಟ್ಟಿದರು. ಮಾರ್ಲೀಸ್ ಗಂಡನ ಕಿವಿಯಲ್ಲಿ ಹೇಳಿದಳು: "ನಲವತ್ತು ವರ್ಷ ನಾನು ಗಂಟಲು ಹರ್ಕೊಂಡು ಜನರನ್ನ ನಗಿಸ್ದೆ. ಇವನ ಪರವಾಗಿ ಬೆಟ್ಟನೇ ದುಡಿಯುತ್ತೆ ನೋಡು." ತಿಂಗಳುಗಳ ಮೇಲೆ ಅವಳಾಡಿದ ಮೊದಲ ತಮಾಷೆ ಅದು. ಟೊಪ್ಪಿಯ ಮೇಲಿಂದ ಕಣ್ಣು ತೆಗೆಯದೆಯೇ ಲೋಥಾರ್ ನಕ್ಕ.

ಆಚೆ ದಡದ ಚರ್ಚಿನ ಬಳಿ ಹೊಗೆಯಲ್ಲಿ ಬೇಯಿಸಿದ ಮೀನು ತಿಂದರು. ತಿಂದಾದ ಮೇಲೆ ಲೋಥಾರ್ ಮೀನಿನವನನ್ನು ಮೆಲ್ಲಗೆ ವಿಚಾರಿಸಿದ, "ವಾಪಸು ನಡ್ಕೊಂಡು ಹೋಗೋಕೆ ದಾರಿ ಇದೆಯಾ?"

ಮೀನಿನವನು ಬಂಡೆಯ ಕಡೆ ಗದ್ದ ತೋರಿಸಿದ. "ಇದೆಯಲ್ಲ. ನೀವು ಮೇಕೆಯಾಗಿ ಹುಟ್ಬೇಕಿತ್ತು."

ಹೀಗೆ ಬಂದದ್ದೂ ದೋಣಿ, ಹೋದದ್ದೂ ದೋಣಿ. ಎರಡು ಸಲ ಆಯಿತು.

ಮೂರನೆಯದು ಆಸ್ಟ್ರಿಯದ ವೈಸೆನ್‌ಸೀ. ಉದ್ದವಾದ, ಸಣ್ಣ ಸೊಂಟದ ಸರೋವರ. ಪೂರ್ವದ ಅರ್ಧದಲ್ಲಿ ಮನೆಯಿಲ್ಲ, ರಸ್ತೆಯಿಲ್ಲ, ನೀರಿನ ತನಕ ಇಳಿದು ಬಂದ ಕಾಡು. ಅಲ್ಲಿ ಬ್ಯಾಟರಿಯ ಪುಟ್ಟ ದೋಣಿಗಳನ್ನು ಬಾಡಿಗೆಗೆ ಕೊಡುತ್ತಾರೆ. ಎಡಗೈಯಲ್ಲಿ ಚುಕ್ಕಾಣಿ ಹಿಡಿದರೆ ಸಾಕು, ಭುಜಕ್ಕೆ ಕೆಲಸವಿಲ್ಲ. ದೋಣಿ ಬಾಡಿಗೆಗೆ ಕೊಟ್ಟ ಹೆಂಗಸು ರಬ್ಬರ್ ಬೂಟು ಹಾಕಿಕೊಂಡು ನಿಂತಿದ್ದಳು. "ಬ್ಯಾಟರಿ ಎರಡು ಗಂಟೆ ಅಷ್ಟೇ. ಅರ್ಧ ಆದಾಗ ತಿರುಗಿಸ್ಬೇಕು," ಎಂದು ಎರಡು ಸಲ ಹೇಳಿದಳು.

ಮಾರ್ಲೀಸ್ ಕೇಳಿಸಿಕೊಂಡಿದ್ದಳು. ಆದರೆ ಮೂರು ತಿಂಗಳ ಮೇಲೆ ಅವಳ ಕೈಗೆ ದೋಣಿ ಸಿಕ್ಕಿತ್ತು. ಆ ಬಂಡೆಯ ತನಕ, ಆ ತಿರುವಿನ ತನಕ ಎಂದು ಹೋಗುತ್ತಲೇ ಇದ್ದಳು. ಲೋಥಾರ್ ಕೆಳಗೆ, ದೋಣಿಯ ಹಲಗೆಯ ಮೇಲೇ ಕೂತು, ಎರಡು ಕೈಯಲ್ಲೂ ಪಕ್ಕದ ಕಂಬಿ ಹಿಡಿದಿದ್ದ. ಅವಳ ಮುಖದಲ್ಲಿ ಬಂದ ಬಣ್ಣ ನೋಡಿ, ತಿರುಗಿಸು ಎನ್ನಲು ಬಾಯಿ ಬರಲಿಲ್ಲವಂತೆ. ಪೂರ್ವದ ತುದಿ ಮುಟ್ಟಿ ತಿರುಗಿದ ಸ್ವಲ್ಪ ಹೊತ್ತಿಗೆ ಮೋಟಾರು ನಿಟ್ಟುಸಿರು ಬಿಟ್ಟ ಹಾಗೆ ಸದ್ದು ಮಾಡಿ ನಿಂತಿತು.

"ಏನಾಯ್ತು?"

"ಬ್ಯಾಟರಿ ಮುಗೀತು."

"ಈಗ?"

"ಈಗ ಏನಿಲ್ಲ. ಕೂತ್ಕೊಂಡಿದೀವಿ."

ದೋಣಿಯ ಮೇಲೆ ದೊಡ್ಡ ಅಂಕಿಗಳಲ್ಲಿ ಫೋನ್ ನಂಬರ್ ಬರೆದಿತ್ತು. ಲೋಥಾರ್ ಅದನ್ನು ಗದ್ದದಲ್ಲೇ ತೋರಿಸಿದ, ಕೈ ಬಿಡುವ ಹಾಗಿರಲಿಲ್ಲ.

"ಫೋನ್ ಮಾಡು."

"ಮಾಡಲ್ಲ."

"ಮಾರ್ಲೀಸ್."

"ನಲವತ್ತು ವರ್ಷದ ಅಂಬಿಗಿತ್ತಿ ನಾನು. ಇನ್ನೊಬ್ರು ಬಂದು ಹಗ್ಗ ಕಟ್ಟಿ ಎಳ್ಕೊಂಡು ಹೋದ್ರೆ ಮುಖ ಎಲ್ಲಿಟ್ಕೊಳ್ಳಲಿ?"

"ಇಲ್ಲಿ ನಿನ್ನ ಯಾರಿಗೂ ಗೊತ್ತಿಲ್ವಲ್ಲೇ."

"ನಂಗೆ ಗೊತ್ತಿದೆಯಲ್ಲ."

ಹೀಗೆಂದವಳೇ ಬೆಂಚಿನ ಕೆಳಗಿಂದ ಹುಟ್ಟುಗಳೆರಡನ್ನು ಎಡಗೈಯಲ್ಲಿ ಎಳೆದು ತೆಗೆದಳು. ಒಂದನ್ನು ಬಲಗೈಗೆ ದಾಟಿಸಲು ಹೋದಳು. ಭುಜ ಅರ್ಧಕ್ಕೇ ನಿಂತಿತು. ಅವಳ ಬಾಯಿಂದ ಸಣ್ಣ ಸದ್ದೊಂದು ಬಂತು. ಅವಳಿಗೆ ಬಾಯಿಬಿಟ್ಟು ನರಳಿ ಗೊತ್ತಿಲ್ಲ.

"ಆ ಸದ್ದು ಕೇಳಿ ನಂಗೆ ನೀರು ಮರ್ತೇಹೋಯ್ತು, ಒಂದು ನಿಮಿಷ," ಎಂದ ಲೋಥಾರ್ ನನಗೆ ಆಮೇಲೆ. "ನೆನಪಾಗೋ ಹೊತ್ತಿಗೆ ನಾನು ಬೆಂಚಿನ ಮೇಲೆ ಕೂತಿದ್ದೆ, ಹುಟ್ಟು ಕೈಲಿತ್ತು."

ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ಹಿಂತುದಿಯಲ್ಲಿ ಮಾರ್ಲೀಸ್ ಅವನ ಎದುರಿಗೆ. ಮೊದಲ ಹತ್ತು ನಿಮಿಷ ದೋಣಿ ಇದ್ದಲ್ಲೇ ಸುತ್ತಿತು.

"ಎಡಗೈ ಏನು ನಿದ್ದೆ ಮಾಡ್ತಿದೆಯಾ?"

"ನನ್ನ ಎಡವೋ, ನಿನ್ನ ಎಡವೋ?"

"ನಿಂದು ಕಣೋ. ನೀರನ್ನ ಹೊಡೀಬೇಡ, ಅದೇನು ನಿಂಗೆ ಮಾಡಿದೆ. ಅದ್ದು, ಎಳಿ. ಹಾಂ. ಬೆನ್ನಲ್ಲಿ ಎಳಿ, ಕೈಯಲ್ಲಲ್ಲ."

ಯಂತ್ರಗಳ ಜೊತೆ ಬದುಕಿದ ಮೈ ಅದು. ಲಯ ಒಮ್ಮೆ ಸಿಕ್ಕ ಮೇಲೆ ಬಿಡಲಿಲ್ಲ. ದಡದ ಪಕ್ಕಕ್ಕೇ, ಮರದ ನೆರಳಲ್ಲೇ ದೋಣಿ ಸಾಗಿತು. ಅವನು ಅವಳನ್ನೂ ಅವಳ ಹಿಂದೆ ದೂರವಾಗುತ್ತಿದ್ದ ಸರೋವರವನ್ನೂ ನೋಡುತ್ತಿದ್ದ. "ದಾಟಿದ ನೀರು ಅಷ್ಟು ಹೆದರ್ಸಲ್ಲ ರೆನಾಟೆ," ಎಂದು ನನಗೆ ಹೇಳಿದ. ನಡುವೆ ಒಮ್ಮೆ ಬಿರುಗಾಳಿ ಬೀಸಿ ದೋಣಿ ಓಲಾಡಿದಾಗ ಅವನ ತುಟಿ ಬೆಳ್ಳಗಾಯಿತಂತೆ. ಆಗ ಮಾರ್ಲೀಸ್ ಸುಮ್ಮನೆ ಎಣಿಸತೊಡಗಿದಳು, ಒಂದು, ಎರಡು, ಒಂದು, ಎರಡು. ಗಾಳಿ ನಿಲ್ಲುವ ತನಕ ಎಣಿಸಿದಳು.

ಎರಡು ಗಂಟೆಗೆಂದು ತೆಗೆದುಕೊಂಡ ದೋಣಿ ನಾಲ್ಕೂವರೆ ಗಂಟೆಯಾದ ಮೇಲೆ ಕಟ್ಟೆ ಮುಟ್ಟಿತು. ಬೂಟಿನ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು.

"ಬ್ಯಾಟರಿ ಮುಗಿದ್ರೆ ಫೋನ್ ಮಾಡ್ಬೇಕಿತ್ತು. ನಂಬರ್ ಬರ್ದಿದೆಯಲ್ಲ."

"ನಮ್ಮೆಜಮಾನ್ರಿಗೆ ಹುಟ್ಟು ಹಾಕೋದಂದ್ರೆ ಪ್ರಾಣ," ಎಂದಳು ಮಾರ್ಲೀಸ್.

ಹೆಂಗಸು ಲೋಥಾರನ ಅಂಗೈ ನೋಡಿದಳು. ಬೊಬ್ಬೆಗಳು ಒಡೆದಿದ್ದವು. "ಕೈ ನೋಡಿದ್ರೆ ಹಂಗೇನು ಅನ್ಸಲ್ಲ," ಎಂದವಳು ಒಳಗೆ ಹೋಗಿ ಮುಲಾಮು ತಂದುಕೊಟ್ಟಳು.

ಇಬ್ಬರೂ ಕಟ್ಟೆಯ ಮೆಟ್ಟಿಲ ಮೇಲೆ ಕೂತರು. ಲೋಥಾರನ ಎದೆಯಿಂದ ಏನೋ ಇಳಿದುಹೋಗಿತ್ತು. ಏನೆಂದು ಅವನಿಗೆ ಹೇಳಲು ಬರಲಿಲ್ಲ. ಭಯ ಹೋಯಿತೆಂದಲ್ಲ. ಭಯ ಅಲ್ಲೇ ಪಕ್ಕದಲ್ಲಿ ಕೂತಿತ್ತು, ಆದರೆ ಬಡಕಲಾಗಿತ್ತು. ಮಾರ್ಲೀಸ್ ಅವನ ಅಂಗೈಗೆ ಮುಲಾಮು ಹಚ್ಚುತ್ತ ಹಚ್ಚುತ್ತ ಅಳತೊಡಗಿದಳು. ಶಸ್ತ್ರಕ್ರಿಯೆಯಾದ ದಿನದಿಂದ ಕಟ್ಟಿದ್ದದ್ದೆಲ್ಲ ಅಲ್ಲಿ ಬಂತು. ಅವನು ತಡೆಯಲಿಲ್ಲ. ಅತ್ತು ಮುಗಿದ ಮೇಲೆ ಇಬ್ಬರೂ ಹೋಗಿ ಎರಡೆರಡು ಬಟ್ಟಲು ಸಾರು ಕುಡಿದರು. ಅಂಥ ಹಸಿವಂತೆ.

ಅಲ್ಲಿಂದ ಮುಂದಿನ ಹತ್ತು ದಿನ ಅವರಿಗೆ ಯಾವ ಆತುರವೂ ಇರಲಿಲ್ಲ. ಇಟಲಿಯ ಗ್ರಾದೊ ಊರಿಗೆ ಇಳಿದು, ಹಿನ್ನೀರಿನ ನಡುವಿನ ಬಾರ್ಬಾನಾ ದ್ವೀಪಕ್ಕೆ ಹೋದರು. ಚರ್ಚು ನೋಡಿದರು. ಮರುದಿನ ಮತ್ತೆ ಅದೇ ದೋಣಿಯಲ್ಲಿ ಅದೇ ದ್ವೀಪಕ್ಕೆ ಹೋದರು. ನೋಡಿದ್ದನ್ನೇ ಯಾಕೆ ನೋಡಿದಿರಿ ಎಂದು ಕೇಳಿದೆ. "ದೋಣಿ ಚೆನ್ನಾಗಿತ್ತು," ಎಂದ ಲೋಥಾರ್, ಬೇರೆ ಯಾರದೋ ಮಾತನ್ನು ಹೇಳುವವನ ಹಾಗೆ. ಆ ಎರಡನೆಯ ದಿನ ವಾಪಸು ಬರುವಾಗ, ಜೊಂಡಿನ ನಡುವೆ ದೋಣಿ ಹೋಗುತ್ತಿದ್ದಾಗ, ಮಾರ್ಲೀಸ್ ಅವನ ಹೆಗಲಿಗೊರಗಿ ನಿದ್ದೆ ಹೋದಳು. ನಲವತ್ತು ವರ್ಷದಲ್ಲಿ ಅವಳು ದೋಣಿಯಲ್ಲಿ ಒಮ್ಮೆಯೂ ಕಣ್ಣು ಮುಚ್ಚಿದವಳಲ್ಲ. ಹಿಂದೆ ನಿಂತವಳು ನಿದ್ದೆ ಮಾಡಿದರೆ ಇಪ್ಪತ್ತೈದು ಜನ ನೀರಿಗೆ. ದಡ ಬಂದರೂ ಲೋಥಾರ್ ಎಬ್ಬಿಸಲಿಲ್ಲ. ನಾವಿಕ ಬಂದು ನೋಡಿ, ಬೆರಳನ್ನು ತುಟಿಗಿಟ್ಟು, ಮುಂದಿನ ಸುತ್ತಿಗೂ ಅವರನ್ನು ಹಾಗೇ ಕರೆದೊಯ್ದ.

ಊರಿಗೆ ಬಂದ ಮೇಲೆ ಮಾರ್ಲೀಸ್ ಕುರ್ಚಿಯನ್ನು ಕಿಟಕಿಗೆ ಬೆನ್ನಾಗಿ ಇಡಲಿಲ್ಲ, ಮನೆಯಲ್ಲೇ ಕೂರಲೂ ಇಲ್ಲ. ಹೊಸದಾಗಿ ಗಳ ಹಿಡಿಯುವವರಿಗೆ ದಡದಿಂದಲೇ ಪಾಠ ಹೇಳತೊಡಗಿದಳು. ಅವಳ ಬೈಗುಳ ನನ್ನ ಅಂಗಡಿಗೆ ಸ್ಪಷ್ಟವಾಗಿ ಕೇಳುತ್ತದೆ. ಪ್ರತಿ ಜೂನ್‌ನಲ್ಲಿ ಇಬ್ಬರೂ ಎಲ್ಲಾದರೂ ನೀರಿರುವ ಕಡೆ ಹೋಗುತ್ತಾರೆ. ಒಂದು ವರ್ಷ ಪೋಲೆಂಡಿನ ಸರೋವರಗಳು, ಒಂದು ವರ್ಷ ಹಾಲೆಂಡಿನ ಕಾಲುವೆಗಳು. ಲೋಥಾರ್ ಈಗಲೂ ನಡುಬೆಂಚಿನವನೇ, ಆದರೆ ಟೊಪ್ಪಿ ನೋಡುವುದನ್ನು ಬಿಟ್ಟು ಆಚೀಚೆ ನೋಡುತ್ತಾನಂತೆ.

ನಮ್ಮ ಕಾಲುವೆಯಲ್ಲಿ ಮಾತ್ರ ಅವನು ಇವತ್ತಿಗೂ ದೋಣಿ ಹತ್ತಿಲ್ಲ. ಊರವರು ಕೆಣಕುವುದನ್ನು ಬಿಟ್ಟಿಲ್ಲ. ನಾನೂ ಕೇಳಿದೆ.

"ಇಲ್ಲಿ ಸೇತುವೆ ಇದೆಯಲ್ಲ," ಎಂದ.

ಸಂಜೆ ಅವಳನ್ನು ಕರೆದೊಯ್ಯಲು ಬರುತ್ತಾನೆ. ಇಬ್ಬರೂ ನಡೆದೇ ಮನೆಗೆ ಹೋಗುತ್ತಾರೆ. ಹುಟ್ಟಿದಾಗಿನಿಂದ ಈ ಊರನ್ನು ನೀರಿನ ಕಡೆಯಿಂದಲೇ ನೋಡಿದ ಮಾರ್ಲೀಸ್‌ಗೆ ಮನೆಗಳ ಹಿತ್ತಿಲುಗಳೆಲ್ಲ ಹೊಸವು. ಯಾವ ಬೇಲಿಯ ಹಿಂದೆ ಯಾವ ನಾಯಿ, ಯಾರ ಪೇರಳೆ ಮರದ ಕೊಂಬೆ ದಾರಿಗೆ ಬಾಗಿದೆ, ಎಲ್ಲವನ್ನೂ ಲೋಥಾರ್ ತೋರಿಸುತ್ತಾನೆ. ಮೊದಲು ಅವನಿಗೆ ನಲವತ್ತು ನಿಮಿಷ ಹಿಡಿಯುತ್ತಿದ್ದ ದಾರಿಗೆ ಈಗ ಒಂದು ಗಂಟೆಯ ಮೇಲೆ ಹಿಡಿಯುತ್ತದೆ.