ಊರು ತಪ್ಪಿಸಿದ ರಸ್ತೆ

ನನ್ನನ್ನು ಹನುಮಂತನಪಟ್ಟಿಗೆ ಕೊಟ್ಟಾಗ ನಾನು ಹೆಚ್ಚು ಅಳಲಿಲ್ಲ. ಅಪ್ಪನ ಬಂಡಿ ಆ ಊರ ಬೀದಿಯಲ್ಲೇ ಹೋಗುತ್ತದೆಂದು ಗೊತ್ತಿತ್ತು. ಕಂಬಂ ಪೇಟೆಯಿಂದ ಏಲಕ್ಕಿ ಮೂಟೆ ಹೇರಿಕೊಂಡು ದಿಂಡಿಗಲ್ಲಿನ ರೈಲಿಗೆ ಹೋಗುವ ಬಂಡಿಸಾಲಿಗೆ ಅಪ್ಪನೇ ಮುಂದಾಳು. ಸಾಲೆಲ್ಲ ನನ್ನ ಗಂಡನ ಮನೆಯೆದುರಿನ ಕಲ್ಲುತೊಟ್ಟಿಯ ಹತ್ತಿರ ನಿಲ್ಲುತ್ತಿತ್ತು. ಎತ್ತು ಕುಡಿಯುವ ಮೊದಲು ಬಂಡಿಯವನು ನೀರು ಮುಟ್ಟಬಾರದು, ಅದು ನಮ್ಮವರ ಕಟ್ಟಳೆ. ಎತ್ತು ಕುಡಿಯುವಷ್ಟು ಹೊತ್ತು ಅಪ್ಪ ನನ್ನ ಪಾಲಿಗೆ. ಅದಕ್ಕೇ ನಾನು ನೀರಿಗೆ ಹಿಂಡಿ ಕಲಸಿಡುತ್ತಿದ್ದೆ. ತಳದ ಹಿಂಡಿ ನೆಕ್ಕುತ್ತ ಎತ್ತುಗಳು ಕದಲುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಬೆಟ್ಟದ ಮೇಲೆ ಅಣೆಕಟ್ಟಿನ ಕೆಲಸ ಶುರುವಾಯಿತು. ಸಾಮಾನು ಸಾಗಿಸಲು ಸರ್ಕಾರದವರು ಊರಾಚೆ ನೆಟ್ಟಗೆ ಹೊಸ ರಸ್ತೆ ಎಳೆದರು. ಒಂದು ಹೊತ್ತಿನ ದಾರಿ ಉಳಿಯಿತೆಂದು ಬಂಡಿಯ ಗಂಡಸರೆಲ್ಲ ಅತ್ತಲೇ ಹೊರಳಿ ಮೀಸೆ ತಿರುವಿದರು. ಉಳಿದ ಹೊತ್ತನ್ನು ಏನು ಮಾಡಿದರೋ ನಾನಂತೂ ಕಾಣೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರೆ. ನಾನು ದಾರಿಗೂ ಹೊರಗಾದೆ. ಕಾರಣವಿಲ್ಲದೆ ಮಗಳ ಮನೆ ಬಾಗಿಲಿಗೆ ಬರುವುದು ನಮ್ಮಲ್ಲಿ ಮರ್ಯಾದೆಯಲ್ಲ, ಅಪ್ಪನಿಗೋ ಮರ್ಯಾದೆಯೇ ದೊಡ್ಡದು.

ಕೊನೆಗೆ ಹುಲ್ಲಿನ ನೆಪ ಹೇಳಿ ನಾನೇ ಹೊಸ ರಸ್ತೆಗೆ ಹೋಗಿ ನಿಂತೆ. ಅಪ್ಪನ ಬಂಡಿ ಎಲ್ಲಕ್ಕಿಂತ ಮುಂದೆ ಬಂತು. ಸಾಲು ನಡೆಯುವಾಗ ಮುಂದಿನ ಬಂಡಿ ನಿಲ್ಲುವಂತಿಲ್ಲ.

"ಚೆಂದಾಗಿದ್ದೀಯಾ ಕಣ್ಣೂ?" ಎಂದು ಕೂತಲ್ಲಿಂದಲೇ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಬೆನ್ನು ಕಾಣುತ್ತಿತ್ತು. ಹುಲ್ಲನ್ನೂ ಕೊಯ್ಯದೆ ಮನೆಗೆ ಬಂದು ಅತ್ತೆಯಿಂದ ಬೈಸಿಕೊಂಡೆ.

ಮುಂದಿನ ಸಲ ಸಾಲು ಬಂದಾಗ ಮುಂದಾಳು ಬೇರೆಯವನು. ಒಂದೊಂದೇ ಬಂಡಿ ದಾಟಿತು, ಯಾವುದರಲ್ಲೂ ಅಪ್ಪನಿಲ್ಲ. ಜಗಳಕ್ಕೆ ಮುಂದಾಗುವ ನನ್ನ ಹಾಳು ಬಾಯಿ, ಅಂದು ಒಬ್ಬರನ್ನು ಕೇಳಲೂ ಏಳಲಿಲ್ಲ. ಆಮೇಲೆ ಧೂಳಿನೊಳಗಿಂದ ಕೊನೆಯ ಬಂಡಿ ಬಂದು ನನ್ನೆದುರು ನಿಂತಿತು. ಹುಬ್ಬು, ಮೀಸೆಯೆಲ್ಲ ಮಣ್ಣಾದ ಅಪ್ಪ ಇಳಿದ. ಸಾಲಿನ ಕೊನೆ ಎಂದರೆ ಹೊಸದಾಗಿ ಬಂಡಿ ಕಟ್ಟಿದವರ ಜಾಗ. ದಿಂಡಿಗಲ್ಲಿನವರೆಗೂ ಎಲ್ಲರ ಧೂಳು ತಿನ್ನಬೇಕು.

"ಇದೇನಪ್ಪಾ, ನೀನು ಕಡೇಲಿ?"

"ಮುಂದ್ಲು ವಂಡಿ ನಿಂದ್ರೆ ಅಷ್ಟೂ ನಿಲ್ಬೇಕು. ಕಡೇ ವಂಡಿ ನಿಂದ್ರೆ ಯಾರ್ಗೇನು ತಾಯೀ?"

ಬಂಡಿ ಹೊಡೆಯುವುದನ್ನು ಬಿಡುವ ತನಕ ಅಪ್ಪ ಆ ಜಾಗ ಬಿಡಲಿಲ್ಲ. ಅವನು ಹೋಗಿ ಎಷ್ಟೋ ಕಾಲವಾಯಿತು. ಈಗಲೂ ಬಂಡಿಸಾಲು ಬಂದರೆ, ಕೊನೆಯದು ದಾಟುವ ತನಕ ನಾನು ಆ ರಸ್ತೆ ಬದಿಯಿಂದ ಕದಲುವುದಿಲ್ಲ.