ಹೋತದ ಕೊರಳಿನ ಕೆಂಪು ದೀಪ

ನಮ್ಮತ್ತೆ ಉಲ್ಕಾನ್ ಯಾವುದನ್ನೂ ಸುಮ್ಮನೆ ನಂಬಿ ಕೊಳ್ಳುವವರಲ್ಲ. ಕಡಾಯಿ ಕೊಂಡರೆ ಬಡಿದು ನೋಡಬೇಕು, ಕುದುರೆ ಕೊಂಡರೆ ಹಲ್ಲು ನೋಡಬೇಕು. ನನ್ನನ್ನು ಸೊಸೆ ಮಾಡಿಕೊಳ್ಳುವಾಗಲೂ ಹಿಟ್ಟು ನಾದಿಸಿ ನೋಡಿದರು. ಬುದ್ಧಿ ಬಂದಾಗಿನಿಂದ ಒಂದು ಬೇಸಿಗೆಯನ್ನೂ ಬಿಡದೆ ಬೆಟ್ಟದ ಮೇಲಿನ ಸೋಂಗ್-ಕೊಲ್ ಸರೋವರದ ಹುಲ್ಲುಗಾವಲಿಗೆ ಕುರಿ ಹೊಡೆದುಕೊಂಡು ಹೋದ ಜೀವ ಅದು.

ನನ್ನ ಮಗಳು ಜಿಬೆಕ್‌ಗೆ ಆರು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಗುಡ್ಡದ ಆಚೆ ಸರಿದಳೆಂದರೆ ಕರೆಯುವ ದಾರಿಯೇ ಇಲ್ಲ. ಹೋದ ವರ್ಷ ಎರಡು ಸಲ ಕಳೆದುಹೋಗಿ ಸಿಕ್ಕಿದ್ದಳು. ಈ ಸಲ ಮೈಮೇಲೆ ಏನಾದರೂ ಕಟ್ಟದೆ ಅವಳನ್ನು ಮೇಲಕ್ಕೆ ಕಳಿಸುವುದಿಲ್ಲ ಅಂತ ನಾನು ಹಟ ಹಿಡಿದೆ.

ನಾರಿನ್ ಪೇಟೆಯ ಅಂಗಡಿಯವ ರಿಸ್ಬೆಕ್ ಗುಲಾಬಿ ಬಣ್ಣದ ಗಡಿಯಾರ ತೋರಿಸಿದ. ಮಗು ಎಲ್ಲಿದೆ ಅಂತ ಅಮ್ಮನ ಫೋನಿಗೆ ತಿಳಿಸುತ್ತಂತೆ. ನನಗೆ ಅದರ ಮೇಲೇ ಮನಸ್ಸು. ಟವರ್ ಇಲ್ಲದ ಕಡೆ ಏನು ಮಾಡುತ್ತೆ ಅಂತ ಅತ್ತೆ ಕೇಳಿದರು. ಅವನು ತಲೆ ಕೆರೆದುಕೊಂಡು, ಮೂಲೆಯಿಂದ ಬೇಟೆನಾಯಿಗೆ ಕಟ್ಟುವ ಕೊರಳಪಟ್ಟಿ ತೆಗೆದ. ಅದರ ಜೊತೆಗೊಂದು ಕೈಪೆಟ್ಟಿಗೆ. ಟವರಿನ ಹಂಗಿಲ್ಲ, ಪಟ್ಟಿ ಎಲ್ಲಿದೆ ಅಂತ ಪೆಟ್ಟಿಗೆಯ ಪರದೆಯಲ್ಲಿ ಚುಕ್ಕಿ ತೋರಿಸುತ್ತೆ. ಗುಂಡಿ ಒತ್ತಿದರೆ ದೂರದ ಪಟ್ಟಿಯಲ್ಲಿ ಕೆಂಪು ದೀಪ ಹತ್ತುತ್ತೆ.

"ನನ್ನ ಮಗಳೇನು ನಾಯೀನಾ?" ಅಂದೆ, ಅಂಗಡಿ ತುಂಬ ಜನ ಇದ್ದಾಗಲೇ.

"ಬೇಟೆಗಾರ ನಾಯೀನ ಕಳ್ಕೊಳ್ಳಲ್ಲ. ನಾವು ಮಗೂನ ಎರಡು ಸಲ ಕಳ್ಕೊಂಡ್ವಿ," ಅಂದರು ಅತ್ತೆ.

ಸರಿ, ಕೊಂಡೆವು. ಕೊಂಡ ಮೇಲಾದರೂ ಮಗುವಿಗೆ ಕಟ್ಟಬೇಕೋ ಬೇಡವೋ? ಈ ಪುಣ್ಯಾತ್ಗಿತ್ತಿ ಮಂದೆಯ ಮುಂದೆ ನಡೆಯುವ ಮುದಿ ಹೋತಕ್ಕೆ ಕಟ್ಟಿದರು. ಅದು ಬಂಡೆಗೆ ಮೈಯುಜ್ಜುತ್ತೆ, ತೊರೆಗೆ ಬೀಳುತ್ತೆ, ಕಂಡಕಂಡವರಿಗೆ ಗುಮ್ಮುತ್ತೆ. ಅದರ ಕೊರಳಲ್ಲಿ ಒಂದು ವಾರ ಬಾಳಿದರೆ ಮೊಮ್ಮಗಳಿಗೂ ಆದೀತು ಅಂತ ಅವರ ವಾದ. ನಾನು ಹಲ್ಲು ಕಚ್ಚಿಕೊಂಡು, ಮಗಳ ಕೈ ಹಿಡಿದು, ಅವರ ಹಿಂದೆ ಬೆಟ್ಟ ಹತ್ತಿದೆ.

ಐದನೇ ದಿನ ಮಧ್ಯಾಹ್ನ ನಾನು ಕುದುರೆ ಹಾಲು ಕಡೆಯುತ್ತಿದ್ದಾಗ ಮಂಜು ಇಳಿಯಿತು. ಹತ್ತು ಮಾರು ಆಚೆ ಮನುಷ್ಯರ ಗುರುತೂ ಸಿಗದು. ನೋಡಿದರೆ ಜಿಬೆಕ್ ಗುಡಾರದಲ್ಲಿಲ್ಲ.

ಹೊರಗೆ ಓಡಿದೆ. ಅವಳ ಹೆಸರು ಹಿಡಿದು ಗಂಟಲು ಹರಿದುಕೊಂಡು ಕೂಗಿದೆ. ಅತ್ತೆ ಪೆಟ್ಟಿಗೆಯ ಗುಂಡಿ ಒತ್ತುತ್ತ, ಬಿಡುತ್ತ, ಮತ್ತೆ ಒತ್ತುತ್ತ ನಿಂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಮಗೂನ ಬಿಟ್ಟು ಹೋತ ಹುಡುಕ್ತೀರಲ್ಲ ಅತ್ತೆ, ನಿಮಗೆ ಕರುಳಿಲ್ವಾ?"

"ನಡಿ," ಅಂದರು. ಚುಕ್ಕಿ ಇದ್ದ ಕಡೆಗೆ ಅವರು ಮುಂದೆ, ನಾನು ಹಿಂದೆ. ದಾರಿಯುದ್ದಕ್ಕೂ ಕೂಗಿದೆ, ಬಾಯಿಗೆ ಬಂದಂತೆ ಬೈದೆ. ಅವರ ಹೆಬ್ಬೆರಳು ಮಾತ್ರ ನಿಲ್ಲಲಿಲ್ಲ.

ಬಂಡೆಯ ಮರೆಯಲ್ಲಿ ಕುರಿಗಳು ಒತ್ತೊತ್ತಾಗಿ ನಿಂತಿದ್ದವು. ನಡುವೆ ಕೆಂಪು ದೀಪ ಹತ್ತುತ್ತಿತ್ತು, ಆರುತ್ತಿತ್ತು. ಯಾರನ್ನೂ ಹತ್ತಿರ ಸೇರಿಸದ ಆ ಹೋತದ ಕೊರಳು ತಬ್ಬಿಕೊಂಡು ನನ್ನ ಮಗಳು ಕೂತಿದ್ದಳು. ಮೈ ಬೆಚ್ಚಗಿತ್ತು. ನಾನು ಅವಳನ್ನು ಬಾಚಿ ತಬ್ಬಿಕೊಂಡೆ.

ಇಲ್ಲಿಗೆ ಹೇಗೆ ಬಂದೆ ಅಂತ ಸನ್ನೆಯಲ್ಲಿ ಕೇಳಿದೆ. ಕೆಳಗಿನ ಇಳಿಜಾರಿನ ಕಡೆ ಕೈ ತೋರಿಸಿದಳು, ಒಂದು ಬೆರಳು ಎತ್ತಿ ಒಬ್ಬಳೇ ಇದ್ದೆ ಅಂದಳು, ಅಳುವ ಮುಖ ಮಾಡಿದಳು. ಆಮೇಲೆ ಹೋತದ ಕೊರಳಿನ ದೀಪ ಮುಟ್ಟಿ, ಮುಷ್ಟಿ ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ, ಎರಡು ಬೆರಳಿನಿಂದ ನಡೆದು ತೋರಿಸಿದಳು.

"ಕಿವಿ ಕೇಳದವಳನ್ನ ಕಣ್ಣಿಂದ ಕರೀಬೇಕಲ್ವೇನೆ," ಅಂದರು ಅತ್ತೆ.

ಹೆತ್ತವಳು ನಾನು, ಬೆಪ್ಪುತಕ್ಕಡಿ, ಕೇಳಿಸದ ಮಗುವನ್ನು ಕೂಗುತ್ತಿದ್ದೆ. ಓದು ಬರಹ ಬಾರದ ಈ ಮುದುಕಿಗೆ ಅದು ಹೇಗೆ ಹೊಳೆಯಿತೋ ದೇವರೇ ಬಲ್ಲ. 

ಪಟ್ಟಿ ಹೋತಕ್ಕೇ ಉಳಿಯಿತು. ಮಗಳಿಗೆ ಅಂಥದ್ದೇ ಇನ್ನೊಂದು ತಂದೆವು. ಅವತ್ತಿನಿಂದ ಜಿಬೆಕ್ ಮುಷ್ಟಿ ಬಿಚ್ಚಿ ಮುಚ್ಚಿದರೆ ಅಜ್ಜಿ ಅಂತ ಅರ್ಥ. ನನಗೂ ಒಂದು ಹೆಸರಿಟ್ಟಿದ್ದಾಳೆ, ಬಾಯಿ ಇಷ್ಟಗಲ ತೆರೆಯುತ್ತಾಳೆ. ನೆರೆಗುಡಾರದವರು ಬಿದ್ದು ಬಿದ್ದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಮಂಜಿನೊಳಗಿಂದ ನಾನು ಬಂದಾಗ ಅವಳು ಕಂಡದ್ದು ಅದನ್ನೇ. ಒಂದು ಸದ್ದೂ ಕೇಳದ ನನ್ನ ಮಗಳಿಗೆ, ಅಮ್ಮ ತನ್ನನ್ನು ಕರೆಯುತ್ತಿದ್ದಳು ಅಂತ ಗೊತ್ತಾಗಿದೆ.