ದೆವ್ವ ಉಟ್ಟ ಇಳಕಲ್ ಸೀರೆ

ಆ ಮಧ್ಯಾಹ್ನ ಚೀರಿದವರು ಯಾರೆಂದು ಬರೀ ನೆನಪು ನಂಬಿ ನಾನು ಆಣೆ ಮಾಡಿ ಹೇಳಲಾರೆ. ಕಿಟಕಿ ಪಕ್ಕದ ಅಜ್ಜಿ ಎಂದು ಕಂಡವರಿಗೆಲ್ಲ ಹೇಳಿದ್ದೇನೆ. ಹೇಳಿ ಹೇಳಿ ಅದೇ ನೆನಪಾಗಿ ಕೂತಿರಲೂಬಹುದು. ಪುರಾವೆ ಕೇಳದೆ ಯಾರನ್ನೂ ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತೆ. ಆ ‘ಯಾರನ್ನೂ’ ಎಂಬುದರಲ್ಲಿ ನಾನೂ ಇದ್ದೇನೆ.

ಇಳಕಲ್‌ನ ನೇಕಾರರ ಮನೆಯ ನನ್ನ ಗೆಳೆಯ ತನ್ನ ಪಾಡಿಗೆ ತಾನು ಸಿನಿಮಾ ಮಾಡುತ್ತಾನೆ. ಮೊದಲನೆಯದು ಪಟ್ಟದಕಲ್ಲಿನಲ್ಲಿ ಬಸ್ ಕಾಯುವವರ ಸಾಕ್ಷ್ಯಚಿತ್ರ; ಬಸ್ ಬರುವ ಮೊದಲೇ ನೋಡುಗರು ಎದ್ದುಹೋದರು. ಎರಡನೆಯದು ಮಾತು ಬಿಟ್ಟ ಅತ್ತೆ-ಸೊಸೆಯ ಕಥೆ. ಅದಕ್ಕೆ ಎಲ್ಲರೂ ನಿದ್ದೆ ಹೋದರು. ಮೂರನೆಯದು ದೆವ್ವದ್ದು.

“ಒಬ್ಬರರೆ ಚೀರಬೇಕಲೇ. ಇಲ್ಲಂದ್ರ ಕ್ಯಾಮೆರಾ ಮಾರಿಬಿಡ್ತೇನಿ,” ಎಂದ. ಅವನು ಅಂದದ್ದನ್ನು ಮಾಡುವವನು.

ದೆವ್ವ ಅವನ ತಾಯಿಯೇ. ಆದರೆ ಬಾದಾಮಿಯ ಬಂಡೆಗಳ ನಡುವೆ ಚಿತ್ರೀಕರಣಕ್ಕೆ ನಿಂತಾಗ ಬಿಳಿ ಸೀರೆ ಮುಟ್ಟಲಿಲ್ಲ. “ನಿಮ್ಮಪ್ಪ ಇನ್ನಾ ಗಟ್ಟಿ ಅದಾನ, ನಾ ಯಾಕ ಬಿಳಿ ಸೀರಿ ಉಡ್ಲಿ?” ದೆವ್ವ ಕೆಂಪು ಸೆರಗಿನ ಇಳಕಲ್ ಸೀರೆಯಲ್ಲೇ ಬಂತು.

ಪ್ರದರ್ಶನ ಅವರ ಮಗ್ಗದ ಕೋಣೆಯಲ್ಲಿ, ನಡುಹಗಲು. ಬೇವೂರಿನ ಕುರಿಗಾರ ಗೆಳೆಯನ ಮನೆಯಿಂದ ಕರಿ ಕಂಬಳಿಗಳನ್ನು ಬೈಕಿಗೆ ಹೇರಿ ತಂದು, ಕಿಟಕಿಗಳಿಗೆ ಮೊಳೆ ಹೊಡೆದು ಕತ್ತಲೆ ಮಾಡಿದೆವು. ಓಣಿಯ ಹೆಂಗಸರೆಲ್ಲ ಬಂದರು. ಬಂಡೆಯ ಹಿಂದಿನಿಂದ ದೆವ್ವ ಮೆಲ್ಲಗೆ ಹೊರಬಂತು.

“ಏ ಯವ್ವಾ, ಸೆರಗ ನೋಡ!”

“ನಮ್ಮ ಮಗ್ಗದ್ದದು! ಯಕ್ಕಾ, ಸ್ವಲ್ಪ ತಿರಗ, ದಡಿ ಕಾಣವಲ್ದು!”

ಮುಂದಿನ ಸಾಲಲ್ಲೇ ಕೂತಿದ್ದ ದೆವ್ವ ಹಿಂದೆ ತಿರುಗಿ ಹೇಳಿತು: “ತಡೀರೇ, ಮುಂದ ತಿರಗತೇನಿ!”

ಕೋಣೆಯೆಲ್ಲ ನಗು. ನಾನೂ ಹೊಟ್ಟೆ ಹಿಡಿದುಕೊಂಡೆ. ಗೆಳೆಯ ಮಾತ್ರ ಪ್ರೊಜೆಕ್ಟರ್ ಪಕ್ಕ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅಷ್ಟರಲ್ಲಿ ಪರದೆ ಕಪ್ಪಾಯಿತು. ಮರುಕ್ಷಣ ದೆವ್ವದ ಮುಖ ಪರದೆ ತುಂಬ ಬಂತು. ಯಾರೋ ಚೀರಿದರು. ಕಂಬಳಿ ಕಳಚಿಬಿತ್ತು, ಬಿಸಿಲು ಒಳನುಗ್ಗಿತು. “ಚೀರಿದ್ರು! ಚೀರಿದ್ರು!” ಎಂದು ಗೆಳೆಯ ಕುಣಿದ.

“ಕಂಬಳಿ ಬಿತ್ತಂತ ಚೀರ್ಯಾರ, ನಿನ್ನ ದೆವ್ವಕ್ಕಲ್ಲೋ,” ಎಂದರು ಹೆಂಗಸರು. “ನಾ ಅಂತೂ ಬಾಯೇ ತಗದಿಲ್ಲ,” ಎಂದಳು ಕಿಟಕಿ ಪಕ್ಕದ ಅಜ್ಜಿ. ಅವನ ಕುಣಿತ ನಿಂತಿತು.

ಹೋದ ವಾರ ಫೋನ್ ಮಾಡಿದ: ಕ್ಯಾಮೆರಾ ನೋಡಲು ಬಾಗಲಕೋಟೆಯಿಂದ ಗಿರಾಕಿ ಬರುತ್ತಾನಂತೆ. ಚೀರಾಟ ಹಿಡಿಯಲೆಂದು ಅವತ್ತು ಅವನು, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯಲ್ಲಿ ರೆಕಾರ್ಡರ್ ಇಟ್ಟಿದ್ದು ನೆನಪಾಯಿತು. ಬೇಸರಕ್ಕೆ ಅವನು ಅದನ್ನು ಕೇಳಿಯೇ ಇರಲಿಲ್ಲ. ತರಿಸಿಕೊಂಡು ಮೂರು ಸಲ ಕೇಳಿದೆ; ಗಿರಾಕಿಯನ್ನು ವಾಪಸ್ ಕಳಿಸು ಎಂದು ಅವನಿಗೆ ಹೇಳಿದೆ. ಚೀರಿದ್ದು ಮೊದಲು, ಕಂಬಳಿಯ ಮೊಳೆ ಕಲ್ಲುಹಾಸಿನ ಮೇಲೆ ಟಣ್ಣೆಂದದ್ದು ಆಮೇಲೆ. “ಯಪ್ಪಾ, ಸತ್ತೆ!” ಎಂಬ ಆ ದನಿ ನನ್ನದು.